ಸಾಲಿನಲ್ಲಿ ನಿಲ್ಲದವರು

ನಾನು ಬಿ.ಎಸ್ಸಿ. ಓದಿದ ಕಾಲೇಜಿನ ಆಫೀಸಿನ ಹೊರಗೋಡೆಯ ಮೇಲೆ ಒಂದು ಕರಿಹಲಗೆಯಿದೆ. ಪಾಠದ ಹಲಗೆಯಲ್ಲ, ದತ್ತಿ ಹಲಗೆ. ಬಿಳಿ ಬಣ್ಣದಲ್ಲಿ ಗುಂಡಗೆ ಬರೆಸಿದ ಹೆಸರುಗಳು. ಅಲ್ಲಲ್ಲಿ ಬಣ್ಣ ಚಕ್ಕೆಯೆದ್ದು ‘ಜ್ಞಾಪಕಾರ್ಥ’ ಅನ್ನುವುದು ‘ಪಕಾರ್ಥ’ ಆಗಿ ಉಳಿದಿದೆ. ಇಂಥವರ ನೆನಪಿಗೆ ಇಂಥವರ ಮಕ್ಕಳು ಇಟ್ಟ ಮೂಲಧನ 1,000 ರೂಪಾಯಿ, ಭೌತಶಾಸ್ತ್ರದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ. ಇನ್ಯಾರದೋ 500, ಕನ್ನಡದಲ್ಲಿ ಮೊದಲು ಬಂದ ವಿದ್ಯಾರ್ಥಿನಿಗೆ. ಓದುವ ಕಾಲದಲ್ಲಿ ಆ ಹಲಗೆಗೆ ಬೆನ್ನು ಕೊಟ್ಟು ಹರಟೆ ಹೊಡೆದಿದ್ದೇವೆಯೇ ಹೊರತು ಒಂದು ದಿನವೂ ತಿರುಗಿ ಓದಿರಲಿಲ್ಲ.

ಓದಿದ್ದು ಐವತ್ತು ದಾಟಿದ ಮೇಲೆ, ನಾವೇ ಒಂದು ದತ್ತಿ ಇಡಲು ಹೋದಾಗ. ಆಫೀಸಿನಲ್ಲಿರುವ ಗುಮಾಸ್ತೆ ಕಪಾಟಿನಿಂದ ಲೆಡ್ಜರ್ ತೆಗೆದು ತೋರಿಸಿದರು. ಆ ಸಾವಿರ ರೂಪಾಯಿ ಇನ್ನೂ ಸಾವಿರವೇ ಆಗಿದೆ. ಇಟ್ಟ ಕಾಲಕ್ಕೆ ಅದರ ಬಡ್ಡಿಯಲ್ಲಿ ಒಬ್ಬ ಹುಡುಗನ ಪುಸ್ತಕಗಳು ಬರುತ್ತಿದ್ದಿರಬೇಕು. ಈಗ ಬರುವುದು 70 ರೂಪಾಯಿ. ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಮಸಾಲೆ ದೋಸೆ ತಿಂದರೆ ಕಾಫಿಗೆ ಮಿಗದು. “ಕವರಿಗೆ ಹಾಕಿ ಕೊಟ್ರೆ ಮಕ್ಳು ಸ್ಟೇಜಿಂದ ಇಳಿದು ತೆಗೆದು ನೋಡ್ತಾರಣ್ಣ, ಆಮೇಲೆ ನಗ್ತಾರೆ. ನನಗೇ ನಾಚಿಕೆ ಆಗುತ್ತೆ” ಅಂದರು ಆಕೆ.

ನಾನೂ ನಕ್ಕೆ. ಆ ನಗು ನಮ್ಮ ಕಡೆಗೇ ತಿರುಗಲು ಬಹಳ ದಿನ ಹಿಡಿಯಲಿಲ್ಲ.

ನಾವು ದತ್ತಿ ಇಡಲು ಹೊರಟಿದ್ದು ಇಬ್ಬರ ಹೆಸರಿನಲ್ಲಿ, ಗಂಡ ಹೆಂಡತಿ. ಅವರು ನಮ್ಮ ಕಾಲೇಜಿನಲ್ಲಿ ಗಣಿತದ ಲೆಕ್ಚರರ್, ಊರಿಗೆಲ್ಲ ‘ಮೇಷ್ಟ್ರು’. ಆಕೆ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು, ಊರಿಗೆಲ್ಲ ‘ಟೀಚರಮ್ಮ’. ಹೆಸರು ಹಾಕುತ್ತಿಲ್ಲ. ಹಾಕಿದ್ದರೆ ಇಬ್ಬರೂ ಬೈಯುತ್ತಿದ್ದರು. ಮೇಷ್ಟ್ರು ಮೆಲ್ಲಗೆ, ಟೀಚರಮ್ಮ ಜೋರಾಗಿ.

ನಮ್ಮದು ತಿಪಟೂರಿನ ಕಡೆಯ ಊರು, ಅಂದರೆ ಕೊಬ್ಬರಿಯ ಸೀಮೆ. ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಅಪ್ಪ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದ, ಅಮ್ಮ ಕರಟ ಬಿಡಿಸುವ ಕೂಲಿಗೆ. ಮರವೂ ನಮ್ಮದಲ್ಲ, ಅಟ್ಟವೂ ನಮ್ಮದಲ್ಲ. ಕೆಲಸವಿದ್ದಾಗ ಮನೆಯಲ್ಲಿ ದುಡ್ಡು ಇರುತ್ತಿತ್ತು, ಇಲ್ಲದಾಗ ಇರುತ್ತಿರಲಿಲ್ಲ. ಪರೀಕ್ಷೆ ಫೀಸಿನ ಕೊನೆಯ ದಿನ ಮಾತ್ರ ಯಾವಾಗಲೂ ಇಲ್ಲದ ಕಾಲಕ್ಕೇ ಬಂದು ನಿಲ್ಲುತ್ತಿತ್ತು.

ಎರಡನೇ ವರ್ಷದಲ್ಲಿ ಅಂಥದೊಂದು ದಿನ. ಆಫೀಸಿನ ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ನಾನು ಲೈಬ್ರರಿಯಲ್ಲಿ ಕೂತು, ಒಂದಕ್ಷರವೂ ತಲೆಗೆ ಹೋಗದ ಪುಸ್ತಕದ ಹಾಳೆ ಮಗುಚುತ್ತಿದ್ದೆ. ಮೇಷ್ಟ್ರು ಒಳಗೆ ಬಂದರು. ಬಗಲಲ್ಲಿ ನಾಲ್ಕು ಹಾಜರಿ ಪುಸ್ತಕ.

“ನಿನ್ನ ಕೈಬರಹ ದುಂಡಗಿದೆ ಕಣಯ್ಯ. ಇವಕ್ಕೆ ಮುಂದಿನ ತಿಂಗಳಿನ ಗೆರೆ ಹೊಡೆದು, ಹೆಸರು ಬರೆದು, ಹಿಂದಿನ ಮೂರು ತಿಂಗಳ ಟೋಟಲ್ ಹಾಕಿಕೊಡು. ನನಗೆ ಕಣ್ಣು ಮಂಜು. ಪುಕ್ಕಟೆ ಮಾಡಿಸ್ಕೊಳಲ್ಲ.”

ಅವರಿಗಾಗ ನಲವತ್ತೆರಡೋ ನಲವತ್ತಮೂರೋ, ಅಷ್ಟೇ. ಹಿಂದಿನ ಬೆಂಚಿನವರು ತೊಡೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದ ಪತ್ತೇದಾರಿ ಕಾದಂಬರಿಯ ಹೆಸರನ್ನು ಬೋರ್ಡಿನ ಹತ್ತಿರ ನಿಂತೇ ಓದುವಷ್ಟು ಕಣ್ಣು ಚುರುಕಾಗಿತ್ತು. ಅದು ನನಗೆ ಹೊಳೆದಿದ್ದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ನನಗೆ ಹೊಳೆದದ್ದು ಕೆಲಸ, ಕೆಲಸಕ್ಕೆ ಕೂಲಿ. ಒಂದು ಗಂಟೆ ಕೂತು ಗೆರೆ ಹೊಡೆದೆ. ಸ್ಕೇಲು ಜಾರದಂತೆ ಎಡಗೈ ಹೆಬ್ಬೆಟ್ಟು ಒತ್ತಿ ಹಿಡಿದಿದ್ದರಿಂದ ಉಗುರಿನ ಸುತ್ತ ಇಂಕು ಮೆತ್ತಿತ್ತು. ಮೇಷ್ಟ್ರು ಪುಸ್ತಕ ತಿರುವಿ, ಒಂದು ಕಡೆ ಟೋಟಲ್ ತಪ್ಪಿದ್ದನ್ನು ತೋರಿಸಿ, ಸರಿ ಮಾಡಿಸಿ, ಆಮೇಲೆ ದುಡ್ಡು ಕೊಟ್ಟರು. ಫೀಸಿಗಿಂತ ಐದು ರೂಪಾಯಿ ಹೆಚ್ಚಿಗೆಯೇ ಇತ್ತು. ಸಾಲಿನ ಕೊನೆಗೆ ಹೋಗಿ ನಿಂತೆ.

ತಪ್ಪಿದ ಟೋಟಲ್ಲನ್ನು ಸರಿ ಮಾಡಿಸಿದ್ದು ಇದೆಯಲ್ಲ, ನನ್ನ ಮಟ್ಟಿಗೆ ಅವರ ಜಾಣತನ ಇದ್ದದ್ದೇ ಅದರಲ್ಲಿ. ಸುಮ್ಮನೆ ದುಡ್ಡು ಕೊಟ್ಟಿದ್ದರೆ ಅದು ಸಹಾಯ ಅಂತ ಗೊತ್ತಾಗಿಬಿಡುತ್ತಿತ್ತು.

ಪಾಠವೂ ಹಾಗೇ ಮಾಡುತ್ತಿದ್ದರು. ಗಣಿತದ ‘ಇ’ (e) ಅನ್ನುವ ಸಂಖ್ಯೆ ಹೇಳಿಕೊಡುವ ದಿನ ಬೋರ್ಡಿನ ಮೇಲೆ ಸೂತ್ರ ಬರೆಯಲಿಲ್ಲ. “ಒಬ್ಬ ಸಾಹುಕಾರ ಇದಾನೆ. ಒಂದು ರೂಪಾಯಿಗೆ ವರ್ಷಕ್ಕೆ ಒಂದು ರೂಪಾಯಿ ಬಡ್ಡಿ” ಅಂತ ಶುರು ಮಾಡಿದರು. ವರ್ಷಕ್ಕೊಂದು ಸಲ ಬಡ್ಡಿ ಕಟ್ಟಿದರೆ ಒಂದು ಎರಡಾಗುತ್ತದೆ. ಆರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 2.25. ತಿಂಗಳಿಗೊಮ್ಮೆ ಸೇರಿಸಿದರೆ 2.61. ಸಾಹುಕಾರನಿಗೆ ಆಸೆ ಹತ್ತಿ ದಿನಾ ಸೇರಿಸುತ್ತಾನೆ, 2.71. ಗಳಿಗೆ ಗಳಿಗೆಗೂ ಸೇರಿಸುತ್ತಾನೆ. ಏನು ಮಾಡಿದರೂ 2.718ರ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. “ಎಷ್ಟು ದುರಾಸೆ ಪಟ್ರೂ ಎರಡು ರೂಪಾಯಿ ಎಪ್ಪತ್ತೆರಡು ಪೈಸೆ ದಾಟಕ್ಕಾಗಲ್ಲ ಕಣ್ರಯ್ಯ. ಅವನ ಆಸೆಗೆ ಹಾಕಿದ ಬೇಲಿಗೇ ‘ಇ’ ಅಂತ ಹೆಸರು.” ಸಾಲದ ಬಡ್ಡಿ ಮನೆಮನೆಯಲ್ಲೂ ಇದ್ದ ಊರಿನ ಮಕ್ಕಳಿಗೆ ಇದು ಸಾಯೋವರೆಗೆ ಮರೆಯುವ ಪಾಠವಲ್ಲ.

ಮೇಷ್ಟ್ರು ತೀರಿಕೊಂಡದ್ದು 2015ರಲ್ಲಿ. ವೈಕುಂಠ ಸಮಾರಾಧನೆಯ ದಿನ ಹಿತ್ತಿಲಿನ ಸೀಬೆಮರದ ಕೆಳಗೆ ಒಂದಷ್ಟು ಹಳೆಯ ವಿದ್ಯಾರ್ಥಿಗಳು ಕುರ್ಚಿ ಹಾಕಿಕೊಂಡು ಕೂತಿದ್ದೆವು. ಒಬ್ಬ ಮೆಲ್ಲಗೆ ಬಾಯಿಬಿಟ್ಟ. ತನಗೆ ಲ್ಯಾಬಿನ ರೆಕಾರ್ಡ್ ಪುಸ್ತಕ ತೆಗೆಸಿಕೊಟ್ಟಿದ್ದರು, ಬದಲಿಗೆ ಅವರ ಲೈಬ್ರರಿ ಪುಸ್ತಕಗಳಿಗೆ ಕಂದು ಕಾಗದದ ರಟ್ಟು ಹಾಕಿಸಿಕೊಂಡಿದ್ದರು. ಪಕ್ಕದವಳು ಬೆಚ್ಚಿ ನೋಡಿದಳು. ಅವಳಿಂದ ಟೆಸ್ಟ್ ಪೇಪರುಗಳ ಅಂಕ ಕೂಡಿಸಿಕೊಂಡಿದ್ದರಂತೆ. ಇನ್ನೊಬ್ಬ ಅವರ ಸೈಕಲ್ ತೊಳೆದಿದ್ದ. ಇಷ್ಟು ವರ್ಷವೂ ಪ್ರತಿಯೊಬ್ಬರೂ ಅದು ತನಗೊಬ್ಬನಿಗೆ ಸಿಕ್ಕಿದ್ದ ಕೆಲಸ ಅಂದುಕೊಂಡಿದ್ದೆವು. ಒಂದು ಸೈಕಲ್ಲು ಅಷ್ಟೊಂದು ಸಲ ಹೇಗೆ ಕೊಳೆಯಾಗುತ್ತಿತ್ತು ಅಂತ ಯಾರೋ ಕೇಳಿದರು. ಸಾವಿನ ಮನೆ ಅನ್ನುವುದನ್ನೂ ಮರೆತು ನಕ್ಕೆವು. ಒಳಗಿಂದ ಟೀಚರಮ್ಮ ಬಂದು ನೋಡಿ, ಏನೂ ಹೇಳದೆ ಒಳಗೆ ಹೋದರು.

ದತ್ತಿಯ ಯೋಚನೆ ಬಂದದ್ದು ಅಲ್ಲೇ. ವಾಟ್ಸಾಪ್ ಗುಂಪು ಮಾಡಿದೆವು. 71 ಜನ ಸೇರಿ 3,40,000 ರೂಪಾಯಿ ಕೂಡಿಸಿದೆವು. ಅಮೆರಿಕದಲ್ಲಿರುವವನು ಕೊಟ್ಟಷ್ಟನ್ನೇ ನಮ್ಮೂರಿನ ಟೈಲರ್ ಕೂಡ ಕೊಟ್ಟ. ಹೆಚ್ಚು ಕಮ್ಮಿ ಯಾರದೆಂದು ಗೊತ್ತಾಗದ ಹಾಗೆ ತಲೆಗಿಷ್ಟು ಅಂತ ಇಟ್ಟಿದ್ದೆವು, ಮಿಕ್ಕದ್ದನ್ನು ಗುಟ್ಟಾಗಿ ತುಂಬಿದವರು ಇಬ್ಬರು. 2016ರಲ್ಲಿ ಐದು ವರ್ಷದ ಠೇವಣಿ, ನೂರಕ್ಕೆ ಏಳರಂತೆ. ವರ್ಷಕ್ಕೆ 23,800 ರೂಪಾಯಿ ಬಡ್ಡಿ. ಭಾರೀ ಸಾಧನೆ ಮಾಡಿದ ಹಾಗೆ ಬೀಗಿದೆವು. 2021ರಲ್ಲಿ ಠೇವಣಿ ನವೀಕರಿಸಲು ಹೋದಾಗ ದರ 5.4ಕ್ಕೆ ಇಳಿದಿತ್ತು. ಬಡ್ಡಿ 18,360. ಮೂರು ಮಕ್ಕಳ ಫೀಸಿನಷ್ಟು ದುಡ್ಡು ಕಣ್ಣೆದುರೇ ಆವಿಯಾಯಿತು.

ಇಲ್ಲಿ ಮೇಷ್ಟ್ರ ಸಾಹುಕಾರ ಉಲ್ಟಾ ತಿರುಗಿ ನಿಲ್ಲುತ್ತಾನೆ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತದೆ, ಅಂದರೆ ಇಟ್ಟ ದುಡ್ಡಿನ ಕಸುವು ಅರ್ಧಕ್ಕೆ ಇಳಿಯುತ್ತದೆ. ಬೆಲೆಗೆ ಚಕ್ರಬಡ್ಡಿ, ನಮ್ಮ ದತ್ತಿಗೆ ಬರೀ ಸರಳಬಡ್ಡಿ. ಬಂದ ಬಡ್ಡಿಯನ್ನೆಲ್ಲ ಪ್ರತಿವರ್ಷ ಹಂಚಿಬಿಟ್ಟರೆ, ಇನ್ನು ಐವತ್ತು ವರ್ಷಕ್ಕೆ ನಮ್ಮ 3,40,000 ಕೂಡ ಆ ಕರಿಹಲಗೆಯ ಸಾವಿರದ ಪಕ್ಕದಲ್ಲಿ ಹಲ್ಲುಗಿಂಜಿಕೊಂಡು ನಿಂತಿರುತ್ತದೆ. ವಿಶ್ವವಿದ್ಯಾಲಯಗಳ ಚಿನ್ನದ ಪದಕದ ಕತೆಯೂ ಇದೇ ತಾನೆ. 1975ರ ಹೊತ್ತಿಗೆ ಹತ್ತು ಗ್ರಾಂ ಚಿನ್ನಕ್ಕೆ ಐನೂರು ಚಿಲ್ಲರೆ ರೂಪಾಯಿ. ಈಗ ಲಕ್ಷ ದಾಟಿದೆ. ಆ ಕಾಲದಲ್ಲಿ ಚಿನ್ನಕ್ಕೆಂದು ಇಟ್ಟ ದತ್ತಿಯ ಬಡ್ಡಿಯಲ್ಲಿ ಇವತ್ತು ಚಿನ್ನದ ನೀರು ಕುಡಿಸಿದ ಬಿಲ್ಲೆ ಬಂದರೆ ಅದೇ ಪುಣ್ಯ. ದತ್ತಿ ಇಡುವವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಡ್ಡಿಯಲ್ಲಿ ಮೂರರಲ್ಲೊಂದು ಪಾಲನ್ನಾದರೂ ಅಸಲಿಗೆ ಸೇರಿಸಲೇಬೇಕು, ಆಗಾಗ ಹೊಸ ದುಡ್ಡು ಬೀಳುತ್ತಿರಬೇಕು. ನಾವು ಹಾಗೆ ಮಾಡತೊಡಗಿದ್ದು ಐದು ವರ್ಷ ತಡವಾಗಿ. ಗಣಿತದ ಮೇಷ್ಟ್ರ ಶಿಷ್ಯರು!

ಆದರೆ ದುಡ್ಡಿನ ಲೆಕ್ಕ ತಪ್ಪಿದ್ದು ಸಣ್ಣ ತಪ್ಪು. ದೊಡ್ಡ ತಪ್ಪು ಬೇರೆ ಇತ್ತು.

ಮೊದಲನೇ ಸಲ ವಿದ್ಯಾರ್ಥಿವೇತನ ಕೊಟ್ಟದ್ದು 2017ರಲ್ಲಿ. ಎಲ್ಲ ಕಡೆ ಮಾಡುವಂತೆಯೇ ಮಾಡಿದೆವು. ಗಣಿತದಲ್ಲಿ ಅತಿ ಹೆಚ್ಚು ಅಂಕ, ಕನ್ನಡದಲ್ಲಿ ಅತಿ ಹೆಚ್ಚು ಅಂಕ, ಅರ್ಜಿ, ಅಂಕಪಟ್ಟಿಯ ನಕಲು. ಶಾಮಿಯಾನ, ಸ್ವಾಗತ, ಪ್ರಾರ್ಥನೆ, ಹಾರ, ಶಾಲು. ಟೀಚರಮ್ಮನನ್ನು ವೇದಿಕೆಯ ನಡುಮಧ್ಯೆ ಕೂರಿಸಿದೆವು. ಗಣಿತದ ಹುಡುಗ ಬಂದು ಕಾಲಿಗೆ ಬಿದ್ದು ಚೆಕ್ಕು ತಗೊಂಡ. ಫೋಟೋ ಚೆನ್ನಾಗಿ ಬಂತು. ಊಟವಾದ ಮೇಲೆ ಟೀಚರಮ್ಮನನ್ನು ಮನೆಗೆ ಬಿಡಲು ಕಾರಿನಲ್ಲಿ ಕರಕೊಂಡು ಹೋಗುತ್ತಿದ್ದೆ. ಸ್ವಲ್ಪ ದೂರ ಸುಮ್ಮನಿದ್ದರು.

“ಆ ಹುಡುಗ ಯಾರ ಮಗನಪ್ಪ?”

ಮಂಡಿ ಇಟ್ಟಿರುವವರ ಮಗ ಅಂದೆ.

“ಹೊಸಾ ಬೈಕಲ್ಲಿ ಬಂದಿದ್ದ. ಚೆನ್ನಾಗಿ ಓದ್ಲಿ, ಸಂತೋಷ. ಅವನಿಗೆ ಫೀಸು ಕಟ್ಟಕ್ಕೆ ಕಷ್ಟ ಇತ್ತಾ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವನ ಅಂಕ ಚೆನ್ನಾಗಿತ್ತು, ಅರ್ಜಿ ಚೆನ್ನಾಗಿತ್ತು ಅಂತ ಏನೋ ಒದರಿದೆ.

“ಅರ್ಜಿ ಹಾಕೋನಿಗೆ ಕೊಡಕ್ಕೆ ನೀವ್ಯಾಕಪ್ಪ ಬೇಕು? ಅವರು ಯಾರಿಗೆ ಕೊಡ್ತಿದ್ರು ಅಂತ ಗೊತ್ತಾ ನಿಂಗೆ? ಫೀಸಿನ ದಿವಸ ಸಾಲಲ್ಲಿ ನಿಂತಿರೋರನ್ನ ನೋಡ್ತಿರಲಿಲ್ಲ. ಯಾರು ನಿಂತಿಲ್ಲ ಅಂತ ನೋಡ್ತಿದ್ರು. ಮಧ್ಯಾಹ್ನ ಊಟಕ್ಕೆ ಬಂದ್ರೆ ಅದೇ ಮಾತು, ಇವನು ಬಂದಿಲ್ಲ ಕಣೇ, ಅವಳು ಬಂದಿಲ್ಲ ಕಣೇ ಅಂತ.”

ಹಾಗಾದರೆ ಆ ದಿನ ಮೇಷ್ಟ್ರು ಲೈಬ್ರರಿಗೆ ಪುಸ್ತಕಕ್ಕೆ ಬಂದಿರಲಿಲ್ಲ. ಸಾಲಿನಲ್ಲಿ ನಾನಿಲ್ಲ ಅಂತ ಹುಡುಕಿಕೊಂಡು ಬಂದಿದ್ದರು. ಸ್ಟೇರಿಂಗ್ ಹಿಡಿದುಕೊಂಡು ಮೂವತ್ತು ವರ್ಷದ ಹಿಂದಿನದೊಂದು ಮಧ್ಯಾಹ್ನವನ್ನು ಮತ್ತೆ ಮೊದಲಿಂದ ನೋಡಬೇಕಾಯಿತು.

ಎರಡನೇ ವರ್ಷ ತಿದ್ದಿಕೊಂಡೆವು, ಅಂದರೆ ಇನ್ನೊಂದು ತಪ್ಪು ಮಾಡಿದೆವು. ಅಂಕ ಬಿಟ್ಟು ಬಡತನಕ್ಕೆ ಕೈಹಾಕಿದೆವು. ಅಧ್ಯಾಪಕರನ್ನು ಕೇಳಿ, ನಿಜಕ್ಕೂ ಕಷ್ಟದಲ್ಲಿದ್ದ ಒಬ್ಬ ಹುಡುಗಿಯನ್ನು ಆರಿಸಿದೆವು. ಆದರೆ ಶಾಮಿಯಾನ ಬಿಡಲಿಲ್ಲ. ನಿರೂಪಣೆ ಮಾಡುತ್ತಿದ್ದವರು ನಮ್ಮ ಬ್ಯಾಚಿನವರೇ, ಒಳ್ಳೆಯ ಮಾತುಗಾರರು. ಆ ಮಗುವಿನ ಅಪ್ಪ ಯಾಕೆ ಮನೆಯಲ್ಲಿಲ್ಲ, ಅಮ್ಮ ಎಲ್ಲೆಲ್ಲಿ ಪಾತ್ರೆ ತೊಳೆಯುತ್ತಾಳೆ ಅನ್ನುವುದನ್ನೆಲ್ಲ ಮೈಕಿನಲ್ಲಿ, ಗದ್ಗದ ಕಂಠದಲ್ಲಿ ಬಿಡಿಸಿ ಹೇಳಿದರು. ಚಪ್ಪಾಳೆ ಬಿತ್ತು. ಹುಡುಗಿ ತಲೆ ಎತ್ತದೆ ಬಂದು ತಗೊಂಡು ಹೋದಳು. ಆಮೇಲೆ ಎರಡು ವಾರ ಕಾಲೇಜಿಗೆ ಬರಲಿಲ್ಲ. ಮಾತಾಡಿದವರನ್ನು ಬೈದು ನಾವು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರಿಗೆ ಚೀಟಿ ಬರೆದುಕೊಟ್ಟವನು ನಾನು.

ಉಪಕಾರ ಮಾಡುವ ಕೈಯಲ್ಲಿ ಮೈಕು ಇರಬಾರದು ಅನ್ನುವುದು ನಮ್ಮ ಹಿಂದಿನವರಿಗೆ ಗೊತ್ತಿತ್ತೆ? ಪೂರ್ತಿ ಹಾಗೂ ಹೇಳಲಾರೆ. ಮೇಷ್ಟ್ರೇ ವಾರಾನ್ನದ ಹುಡುಗರು. ಮೈಸೂರಿನಲ್ಲಿ ಓದುವಾಗ ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಏಳು ಮನೆಯ ಊಟ. ಶನಿವಾರದ ಮನೆ ತಪ್ಪಿಹೋಗಿ ಆರು ತಿಂಗಳು ಶನಿವಾರವೆಲ್ಲ ಉಪವಾಸವಿದ್ದರಂತೆ. ಊರವರಿಗೆ ಅದು ಭಕ್ತಿಯ ಉಪವಾಸ ಅಂತ ಹೇಳಿದ್ದರಂತೆ. ವಾರಾನ್ನದ ಬಗ್ಗೆ ಹಿರಿಯರು ಬರೆದದ್ದನ್ನು ಓದಿದರೆ ಕಣ್ಣು ತೇವವಾಗುತ್ತದೆ, ನಿಜ. ಆದರೆ ಆ ಪಂಕ್ತಿಯಲ್ಲಿ ಎಲೆ ಸಿಗುತ್ತಿದ್ದದ್ದು ಹುಟ್ಟಿದ ಜಾತಿಯ ಮೇಲೆ. ನನ್ನ ಅಪ್ಪನಂಥವನು ಅದೇ ಬೀದಿಯಲ್ಲಿ ಓದಲು ಬಂದಿದ್ದರೆ ಅವನಿಗೆ ಯಾವ ಮನೆಯ ಯಾವ ವಾರ? ಅಂಥವರಿಗೆ ಬಾಗಿಲು ತೆಗೆದದ್ದು ಬೇರೆ ಕಡೆ. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1892ರಲ್ಲೇ ದಲಿತ ಮಕ್ಕಳಿಗೆಂದು ಶಾಲೆ ಶುರು ಮಾಡಿ ತಮ್ಮವರಿಂದಲೇ ಬಹಿಷ್ಕಾರ ಹಾಕಿಸಿಕೊಂಡರು. ನಮ್ಮ ಜಿಲ್ಲೆಯ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ ಬೇಯುತ್ತಿತ್ತು, ಈಗಲೂ ಬೇಯುತ್ತಿದೆ. ಮೇಷ್ಟ್ರು ತಮ್ಮ ವಾರಾನ್ನದ ದಿನಗಳನ್ನು ಹೊಗಳಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೇರೆಯವರ ಮನೆಯ ಜಗಲಿಯಲ್ಲಿ ಊಟಕ್ಕೆ ಕಾಯುವ ಹುಡುಗನ ಮುಖ ಹೇಗಿರುತ್ತದೆ ಅನ್ನುವುದು ಗೊತ್ತಿದ್ದದ್ದಕ್ಕೇ ಇರಬೇಕು, ಅವರು ನಮ್ಮಿಂದ ಗೆರೆ ಹೊಡೆಸುತ್ತಿದ್ದದ್ದು.

ಗುರುಗಳನ್ನು ನೆನೆಯುವ ರೀತಿಗಳನ್ನೆಲ್ಲ ಆ ಚಳಿಗಾಲ ಕೂತು ಯೋಚಿಸಿದೆ. ನಮ್ಮ ಕಡೆ ಎಲ್ಲರೂ ಹೇಳುವ ಕತೆ ರಾಧಾಕೃಷ್ಣನ್ ಅವರದು. 1918ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟು, 1921ರಲ್ಲಿ ಕಲ್ಕತ್ತಾಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಅವರ ಗಾಡಿಯನ್ನು ಹುಡುಗರೇ ಸ್ಟೇಷನ್ನಿನವರೆಗೆ ಎಳೆದರು. 1962ರಲ್ಲಿ ಅವರು ರಾಷ್ಟ್ರಪತಿಯಾದ ವರ್ಷದಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನಾಚರಣೆ. ನನಗೆ ಗಾಡಿ ಎಳೆದ ಹುಡುಗರೇ ಹೆಚ್ಚು ಇಷ್ಟ. ಅವರು ಎಳೆದದ್ದು ರಾಷ್ಟ್ರಪತಿಯನ್ನಲ್ಲ, ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಮೇಷ್ಟ್ರನ್ನು. ಕುವೆಂಪು ಅವರ ಮಹಾಕಾವ್ಯ ಮುಗಿದು ಅಚ್ಚಾಗುವ ಹೊತ್ತಿಗೆ ಗುರು ಟಿ.ಎಸ್. ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಅದನ್ನು ಅವರಿಗೇ ಒಪ್ಪಿಸಿದರು. ಅದು ಕವಿಗೆ ಸಾಧ್ಯವಾಗುವ ದತ್ತಿ, ನಮ್ಮಂಥವರ ಕೈಗೆ ಎಟುಕುವುದಲ್ಲ.

ಎಟುಕುವ ಜಾತಿಯದು ಧಾರವಾಡದ ಕಡೆಯವರು ಬಲ್ಲ ಪಾವಟೆ ಫೆಲೋಶಿಪ್. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ, ಮೊದಲ ದರ್ಜೆಯಲ್ಲಿ ಪಾಸಾಗಿ ರ‍್ಯಾಂಗ್ಲರ್ ಆದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಗುಡ್ಡದ ಮೇಲೆ ಒಂದು ಊರನ್ನೇ ಕಟ್ಟಿದರು. ಈಗ ಅವರ ಹೆಸರಿನ ಫೆಲೋಶಿಪ್ಪಿನಲ್ಲಿ ಇಲ್ಲಿನ ವಿದ್ವಾಂಸರು ಅವರೇ ಓದಿದ ಆ ಕಾಲೇಜಿಗೆ ಹೋಗಿ ಕೆಲವು ಕಾಲ ಇದ್ದು ಬರುತ್ತಾರೆ. ಅವರು ನಡೆದ ದಾರಿಯಲ್ಲೇ ಇನ್ನೊಬ್ಬರನ್ನು ನಡೆಸುವುದು. ಈ ಏರ್ಪಾಡು ನನಗೆ ಬಹಳ ಹಿಡಿಸಿತು. ನೆನಪಿನ ದತ್ತಿ ಆ ಮನುಷ್ಯನ ಗುಣವನ್ನು ಸ್ವಲ್ಪವಾದರೂ ಹೋಲಬೇಕಲ್ಲವೆ? ಬೆಂಗಳೂರಿನ ಎಚ್. ನರಸಿಂಹಯ್ಯನವರನ್ನೇ ತಗೊಳ್ಳಿ. ಬಸ್ಸಿಗೆ ದುಡ್ಡಿಲ್ಲದೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡು ಓದಲು ಬಂದ ಹುಡುಗ. ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಮಾಡಿ ಬಂದ ಮೇಲೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ, 2005ರಲ್ಲಿ ತೀರಿಕೊಳ್ಳುವವರೆಗೆ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನೇ ಮನೆ ಮಾಡಿಕೊಂಡಿದ್ದರು. ಅವರ ನೆನಪಿಗೆ ಯಾರಾದರೂ ಎ.ಸಿ. ಸಭಾಂಗಣದಲ್ಲಿ ಹೂಗುಚ್ಛ ಕೊಟ್ಟರೆ ಎಷ್ಟು ಸರಿ, ಒಂದು ಬಸ್ ಪಾಸ್ ಮಾಡಿಸಿಕೊಟ್ಟರೆ ಎಷ್ಟು ಸರಿ?

ಮೂರನೇ ವರ್ಷ ಶಾಮಿಯಾನ ಬಿಟ್ಟೆವು. ಅರ್ಜಿ ಬಿಟ್ಟೆವು. ಚೆಕ್ಕನ್ನೂ ಬಿಟ್ಟೆವು.

ಈಗ ಮಾಡುವುದು ಇಷ್ಟು. ಸೆಮಿಸ್ಟರ್ ಪರೀಕ್ಷೆಯ ಫೀಸಿಗೆ ದಂಡವಿಲ್ಲದ ಕೊನೆಯ ದಿನಕ್ಕೆ ಮೂರು ದಿನ ಮೊದಲು ಆಫೀಸಿನ ಗುಮಾಸ್ತೆ ಕಟ್ಟದಿರುವವರ ಪಟ್ಟಿ ತೆಗೆಯುತ್ತಾರೆ. ಮಾಮೂಲು ಆಫೀಸುಗಳಲ್ಲಿ ಆ ಪಟ್ಟಿ ನೋಟಿಸ್ ಬೋರ್ಡಿಗೆ ಹೋಗುತ್ತದೆ. ಇಲ್ಲಿ ಇಬ್ಬರು ಅಧ್ಯಾಪಕರ ಕೈಗೆ ಹೋಗುತ್ತದೆ, ಮತ್ತೆಲ್ಲಿಗೂ ಹೋಗುವುದಿಲ್ಲ. ಪಟ್ಟಿಯಲ್ಲಿ ಸೋಮಾರಿಗಳೂ ಇರುತ್ತಾರೆ, ಮರೆತವರೂ ಇರುತ್ತಾರೆ, ಅಪ್ಪ ಕೊಟ್ಟ ಫೀಸನ್ನು ಸಿನಿಮಾಕ್ಕೆ ಹಾಕಿದವರೂ ಇರುತ್ತಾರೆ. ಅವರನ್ನು ತೆಗೆದು ಉಳಿದವರನ್ನು ಗುರುತಿಸುವುದು ಅಧ್ಯಾಪಕರಿಗೆ ಕಷ್ಟವಿಲ್ಲ. ಬೆಂಚು ಖಾಲಿಯಾಗಿದ್ದು ಯಾವಾಗಿಂದ ಅನ್ನುವುದು ಪಾಠ ಮಾಡುವವರಿಗೆ ಗೊತ್ತಿರುತ್ತದೆ. ಫೀಸು ಆಫೀಸಿನಲ್ಲೇ ಜಮಾ ಆಗಿ ಮಗುವಿನ ಹೆಸರಿನಲ್ಲೇ ರಸೀದಿ ಹರಿಯುತ್ತದೆ.

ಸರ್ಕಾರದ ವಿದ್ಯಾರ್ಥಿವೇತನಗಳಿಲ್ಲವೇ ಅಂತ ಕೇಳುತ್ತೀರಿ. ಇವೆ, ನಮ್ಮ ಇಡೀ ದತ್ತಿಯ ಸಾವಿರಾರು ಪಟ್ಟು ದೊಡ್ಡವು. ನಮ್ಮ ಊರಿನ ಎಷ್ಟೋ ಮಕ್ಕಳು ಓದುತ್ತಿರುವುದೇ ಅದರಿಂದ. ಆದರೆ ಅದಕ್ಕೆ ನಾಡಕಚೇರಿಯಿಂದ ಜಾತಿ ಆದಾಯ ಪತ್ರ ತಂದು ಅದರ ಆರ್‌ಡಿ ನಂಬರ್ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು, ಜೋಡಿಸಿದ್ದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನಲ್ಲೂ ಕಾಣಬೇಕು. ಅಂಕಪಟ್ಟಿಯಲ್ಲಿ ಅಪ್ಪನ ಇನಿಶಿಯಲ್ ಮುಂದೆ, ಆಧಾರಿನಲ್ಲಿ ಹಿಂದೆ ಇದ್ದರೆ ಆಯಿತು, ಸೈಬರ್ ಸೆಂಟರಿಗೆ ನಾಲ್ಕು ಅಲೆದಾಟ. ಇದನ್ನೆಲ್ಲ ದಾಟುವುದೂ ಒಂದು ಪರೀಕ್ಷೆಯೇ, ಪಾಸಾಗಲು ಮನೆಯಲ್ಲಿ ಒಬ್ಬರಾದರೂ ಓದಿದವರಿರಬೇಕು. ದಾಟಿದವರಿಗೂ ದುಡ್ಡು ಬರುವ ಹೊತ್ತಿಗೆ ಫೀಸಿನ ದಿನ ಕಳೆದಿರುತ್ತದೆ. ನಮ್ಮದು ಆ ನಡುವಿನ ಸಂದಿಗೆ ತುರುಕುವ ಸಣ್ಣ ಬೆಣೆ, ಅಷ್ಟೇ. ಕಾಲಕ್ಕೆ ತಕ್ಕಂತೆ ಬೆಣೆಯ ಅಳತೆಯೂ ಬದಲಾಗುತ್ತದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ಸಿನ ಖರ್ಚು ಪಟ್ಟಿಯಿಂದಲೇ ಬಿದ್ದುಹೋಯಿತು. ಆ ದುಡ್ಡು ಈಗ ರೆಕಾರ್ಡ್ ಪುಸ್ತಕಕ್ಕೆ ಹೋಗುತ್ತಿದೆ. ಅದೇ ಪುಸ್ತಕವಿಲ್ಲದೆ ಈ ಹಿಂದೆ ಎಷ್ಟು ಜನ ಸುಮ್ಮನಿದ್ದರೋ.

ಟೀಚರಮ್ಮ 2022ರಲ್ಲಿ ಹೋದರು. ಅದಕ್ಕೆ ಮುಂಚೆ ಒಂದು ಸಂಜೆ ಹೊಸ ಏರ್ಪಾಡನ್ನೆಲ್ಲ ವಿವರಿಸಿ ಹೇಳಿದ್ದೆ. ಶಭಾಷ್ ಅನ್ನುತ್ತಾರೆ ಅಂತ ಕಾದೆ. ಕಡಲೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡು, “ಪುಕ್ಕಟೆ ಕೊಡ್ತಿದೀರಲ್ಲಪ್ಪ, ಮಕ್ಕಳು ಸುಮ್ನೆ ಇಸ್ಕೊಳ್ತಾವಾ?” ಅಂದರು. ಆ ಪ್ರಶ್ನೆ ಹಾಗೇ ಉಳಿಯಿತು. ಹಾಜರಿ ಈಗ ಕಂಪ್ಯೂಟರಿನಲ್ಲಿ ಹಾಕುತ್ತಾರೆ, ಗೆರೆ ಹೊಡೆಸಲು ಪುಸ್ತಕವೆಲ್ಲಿದೆ?

ಹೋದ ವರ್ಷದ ಪಟ್ಟಿಯಲ್ಲಿ ಎರಡನೇ ಬಿ.ಎ. ಹುಡುಗನೊಬ್ಬನ ಹೆಸರಿತ್ತು. ಫೀಸು ಕಟ್ಟಾಗಿತ್ತು. ಮಾರನೇ ದಿನ ಅವನು ರಸೀದಿ ಹಿಡಿದುಕೊಂಡು ಆಫೀಸಿಗೆ ಬಂದು, ಯಾರು ಕಟ್ಟಿದ್ದು ಹೇಳಿ, ಇಲ್ಲದಿದ್ದರೆ ಇದು ನನಗೆ ಬೇಡ ಅಂತ ಪಟ್ಟು ಹಿಡಿದಿದ್ದ. ಅವತ್ತು ನಾನೂ ಅಲ್ಲೇ ಇದ್ದೆ, ಬೇರೆ ಕೆಲಸಕ್ಕೆ ಬಂದಿದ್ದವನು. ಗುಮಾಸ್ತೆ ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ಹುಡುಗನ ಬಲಗೈ ಬೆರಳುಗಳ ಸಂದಿಯಲ್ಲಿ ಹಳದಿ ಬಣ್ಣ ಒಣಗಿತ್ತು. ರಜಾದಿನಗಳಲ್ಲಿ ಲಾರಿ ಹಿಂದೆ, ಆಟೋ ಹಿಂದೆ ಬರೆಯುವ ಕೆಲಸಕ್ಕೆ ಹೋಗುತ್ತಾನಂತೆ.

“ಬೋರ್ಡು ಬರೀತೀಯೇನಪ್ಪ?” ಅಂದರು ಗುಮಾಸ್ತೆ.

ಎರಡು ಭಾನುವಾರ ಬಂದ. ಕರಿಹಲಗೆಯನ್ನು ಇಳಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಕಪ್ಪು ಹೊಡೆದು ಒಣಗಿಸಿದ. ಆಮೇಲೆ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದುಕೊಂಡು ಮೇಲಿಂದ ಒಂದೊಂದೇ ಹೆಸರು ಬರೆಯುತ್ತಾ ಬಂದ. ಅಳಿಸಿಹೋದ ಹೆಸರುಗಳಿಗೆ ಗುಮಾಸ್ತೆ ಲೆಡ್ಜರ್ ಹಿಡಿದು ಕೂತು ಕೂಗಿ ಹೇಳುತ್ತಿದ್ದರು. ‘ಜ್ಞಾಪಕಾರ್ಥ’ದ ‘ಜ್ಞಾ’ ಬರೆಯುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಐದನೇ ಹೆಸರಿನಲ್ಲಿ ಒಂದು ಸೊನ್ನೆ ಹೆಚ್ಚು ಬಿದ್ದು 500 ರೂಪಾಯಿ 5,000 ಆಗಿತ್ತು. ಒರೆಸಿ ಮತ್ತೆ ಬರೆಸಿದೆವು.

ಎರಡನೇ ಭಾನುವಾರ ಸಂಜೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದುತ್ತಾ ಕೇಳಿದ.

“ಅಂಕಲ್, ಕೆಳಗಡೆ ಒಂದು ಸಾಲು ಜಾಗ ಮಿಕ್ಕಿದೆ. ಯಾರದ್ದಾದ್ರೂ ಬರೀಬೇಕಾ?”

ಗುಮಾಸ್ತೆ ಲೆಡ್ಜರ್ ಮಡಿಸಿದರು. ಬೇಡ ಕಣಯ್ಯ, ಅದು ಹಾಗೇ ಇರಲಿ ಅಂದೆ. ಐದನೇ ಹೆಸರಿನ ಹತ್ತಿರ ಒಂದು ದೀರ್ಘ ತಪ್ಪಿತ್ತು. ಅದನ್ನು ತೋರಿಸಿದೆ. ಸರಿಮಾಡಿದ ಮೇಲೆ ದುಡ್ಡು ಕೊಟ್ಟೆ.